ಫೋಟೋ ಪೀಸ್

ನನಗೆ ಕೊರೊನಾ ಬಂದ ಸುದ್ದಿ ಗದಗಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಾಯಿಗಿಂತ ಮೊದಲು ಕೊಡಿಗೇಹಳ್ಳಿಯ ಸರ್ಕಲ್ಲಿಗೆ ಗೊತ್ತಾಯಿತು. ಅಲ್ಲಿನ ಲೈಟು ಕಂಬಕ್ಕೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ನನ್ನ ಮುಖವಿತ್ತು. ಕಾಯಿಲೆಯಿಂದ ಎದ್ದುಬಂದವರು ಬರೆದದ್ದನ್ನು ನಾನೂ ಅಲ್ಲಿ ಇಲ್ಲಿ ಓದಿದ್ದೇನೆ. ಅವರೆಲ್ಲ ಕೊನೆಗೆ ಎಲ್ಲರನ್ನೂ ಕ್ಷಮಿಸಿ ಬದುಕು ದೊಡ್ಡದು ಎಂದು ಮುಗಿಸುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎನ್ನುವವರಿಗೆ ಒಂದು ಮಾತು: ಆ ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದರಲ್ಲಿ ಔಷಧಿಯ ಪಾಲು ಎಷ್ಟಿತ್ತೋ ಸಿಟ್ಟಿನ ಪಾಲೂ ಅಷ್ಟೇ ಇತ್ತು.

ನನ್ನದು ಬ್ಯೂಟಿ ಪಾರ್ಲರ್. ಗಂಡ ಬಸವರಾಜ ಯಶವಂತಪುರದ ಆಚೆ ಒಂದು ಫ್ಯಾಕ್ಟರಿಯಲ್ಲಿ ಮಷೀನ್ ನಡೆಸುತ್ತಾರೆ. ಮಗಳು ಪಲ್ಲವಿ, ಪಾರ್ಲರಿಗೂ ಅವಳದೇ ಹೆಸರು. ನಮ್ಮ ಮನೆ, ಪಾರ್ಲರ್ ಎರಡೂ ಗೌರಮ್ಮನವರ ಕಟ್ಟಡದ ಕೆಳಗಡೆ ಇವೆ, ಅವರು ಮೇಲಿರುತ್ತಾರೆ. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನ ಜನ ಅವರು. ನನ್ನ ಕೆಲಸ ಮುಖಗಳದ್ದು. ಹೆಂಗಸರು ನನ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಮುಖ ಒಪ್ಪಿಸುತ್ತಾರೆ. ನಾನು ದಾರವನ್ನು ಹಲ್ಲಲ್ಲಿ ಕಚ್ಚಿ ಅವರ ಹುಬ್ಬಿನ ಮೇಲೆ ಬಗ್ಗುತ್ತೇನೆ. ನನ್ನ ಉಸಿರು ಅವರಿಗೆ, ಅವರ ಉಸಿರು ನನಗೆ ತಾಗುವಷ್ಟು ಹತ್ತಿರ. ನಂಬಿಕೆ ಇಲ್ಲದಿದ್ದರೆ ಈ ಕಸುಬು ಒಂದು ದಿನವೂ ನಡೆಯುವುದಿಲ್ಲ.

ಈ ಕೆಲಸದಿಂದ ನನಗೊಂದು ಚಟ ಅಂಟಿದೆ. ಜನರ ಹೆಸರು ಮರೆಯುತ್ತೇನೆ, ಹುಬ್ಬು ಮರೆಯುವುದಿಲ್ಲ. ಊರೆಲ್ಲ ಮಾಸ್ಕ್ ಹಾಕಿಕೊಂಡಾಗ ಒಬ್ಬರಿಗೊಬ್ಬರ ಗುರುತು ಸಿಗದೆ ಒದ್ದಾಡುತ್ತಿದ್ದರು. ನನಗೆ ಆ ಕಷ್ಟವೇ ಇರಲಿಲ್ಲ.

ಎರಡನೇ ಅಲೆಯಲ್ಲಿ ಪಾರ್ಲರ್ ಬಾಗಿಲು ಮತ್ತೆ ಮುಚ್ಚಿತು. ಒಂದು ಬೆಳಗ್ಗೆ ಒಗ್ಗರಣೆಗೆ ಇಂಗು ಹಾಕಿದೆ, ವಾಸನೆ ಬರಲಿಲ್ಲ. ಡಬ್ಬಿಯನ್ನೇ ಮೂಗಿಗೆ ಹಿಡಿದೆ, ಆಗಲೂ ಇಲ್ಲ. ಸಂಜೆಗೆ ಜ್ವರ. ಮರುದಿನ ಆರೋಗ್ಯ ಕೇಂದ್ರದ ಮುಂದೆ ಶಾಮಿಯಾನದ ಕೆಳಗೆ ನಾವಿಬ್ಬರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆವು. ಫೋನಿನಲ್ಲಿ ಫಲಿತಾಂಶ ಬಂದಾಗ ಬಸವರಾಜ ಗೋಡೆಗೆ ಒರಗಿ ಕೂತು, "ಇಬ್ಬರಿಗೂ ಬಂದೈತಿ. ಕೂಸಿನ್ನ ಏನ್ ಮಾಡೂಣು?" ಎಂದರು. 

ಮಗಳನ್ನು ಗೌರಮ್ಮ ಮೇಲೆ ಕರೆದುಕೊಂಡರು. ಮೆಟ್ಟಿಲ ಮೇಲೆ ನಿಂತು ನನಗೆ ಕೂಗಿ ಹೇಳಿದರು: "ಎದ್ರಬ್ಯಾಡ ಸವಿತಮ್ಮಾ. ಮಗೀನ ನಾನ್ ನೋಡ್ಕೋತೀನಿ. ನೀವಿಬ್ರೂ ಒಳಗೇ ಇರ್ರಿ, ಊಟ ಮೇಲಿಂದ್ಲೇ ಇಳಿಸ್ತೀನಿ." ಇಳಿಸಿದರು ಕೂಡ. ಬುಟ್ಟಿಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ನಮ್ಮ ಕಿಟಕಿಯ ಮುಂದೆ ಬಿಡುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು. ರುಚಿ ತಿಳಿಯುತ್ತಿರಲಿಲ್ಲ, ಬಿಸಿ ಮಾತ್ರ ತಿಳಿಯುತ್ತಿತ್ತು. ಆ ಮುದುಕಿಯ ಮನೆಯ ಹಿಟ್ಟಿನ ಡಬ್ಬಿಯೂ ಖಾಲಿಯಾಗುತ್ತಿದೆ ಎಂದು ಮಗಳು ಫೋನಿನಲ್ಲಿ ಪಿಸುಗುಟ್ಟಿದಾಗ ನಮಗೆ ಒಂದೇ ಮುದ್ದೆ ಸಾಕೆಂದು ಹೇಳಿದೆ.

ಸೋಂಕು ಬಂದು ಒಳಗಿರುವ ಮನೆಗಳಿಗೆ ಸರ್ಕಾರ ದಿನಸಿ ಕಿಟ್ ಕೊಡುತ್ತದೆ ಎಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಅಕ್ಕಿ, ಬೇಳೆ, ಎಣ್ಣೆ, ಗೋಧಿಹಿಟ್ಟು. "ನಾಳೆ ನಾಡಿದ್ದು ಬರುತ್ತೆ ಅಕ್ಕಾ" ಎಂದರು. ಬಂತು ಕೂಡ. ಸರ್ಕಾರ ಕಳಿಸಿತ್ತು, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಸರ್ಕಾರದಿಂದ ನನ್ನ ಬಾಗಿಲಿಗೆ ಬರುವ ದಾರಿಯಲ್ಲಿ ಒಬ್ಬ ಅಣ್ಣ ಇದ್ದ, ಅಷ್ಟೇ.

ಅಣ್ಣನ ಹೆಸರು ಬರೆಯುವುದಿಲ್ಲ. ಏರಿಯಾದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದೂ ಇಲ್ಲ, ಚಿಕ್ಕವರಿಗೂ ಅಣ್ಣ, ಮುದುಕರಿಗೂ ಅಣ್ಣ. ಚುನಾವಣೆಯಲ್ಲಿ ಗೆದ್ದವನಲ್ಲ, ಮುಂದಿನ ಸಲ ಗೆಲ್ಲಬೇಕೆಂದಿದ್ದವನು. ವಾರ್ಡಿನಲ್ಲಿ ಕಿಟ್ ಹಂಚುವ ಉಸ್ತುವಾರಿಯನ್ನು ಅದು ಹೇಗೋ ತನ್ನ ಹುಡುಗರ ಕೈಗೆ ತಂದುಕೊಂಡಿದ್ದ. ಸರ್ಕಾರದ ಚೀಲದ ಮೇಲೆ ಅವನ ಮುಖದ ಸ್ಟಿಕ್ಕರ್ ಅಂಟಿತ್ತು.

ಗೇಟಿನ ಹತ್ತಿರ ಬೈಕುಗಳು ನಿಂತು, "ಅಕ್ಕಾ, ಆಚೆ ಬನ್ನಿ, ಅಣ್ಣ ಬಂದವ್ರೆ" ಎಂದು ಕೂಗಿದಾಗ ನನಗೆ ಜ್ವರ ಏರಿತ್ತು. ಚೀಲವನ್ನು ಗೇಟಿನ ಬಳಿ ಇಟ್ಟುಹೋಗಿ ಎಂದೆ. ಹಾಗೆಲ್ಲ ಆಗುವುದಿಲ್ಲವಂತೆ. ಗೋಡೆ ಹಿಡಿದುಕೊಂಡು ಗೇಟಿನ ತನಕ ನಡೆದೆ. ಬಿಳಿ ಬಟ್ಟೆಯ ಅಣ್ಣ ದೂರದಲ್ಲಿ ನಿಂತು ಕೈ ಚಾಚಿ ಚೀಲ ಹಿಡಿದ. ನಾನೂ ಕೈ ಚಾಚಿ ಹಿಡಿದೆ. ಕ್ಯಾಮೆರಾ ಹಿಡಿದವನ ಎಡಹುಬ್ಬಿನ ನಡುವೆ ಹಳೆಯ ಗಾಯದ ಗೆರೆ ಇತ್ತು, ಅಲ್ಲಿ ಕೂದಲು ಬಂದಿರಲಿಲ್ಲ. ಅವನ ಹೆಸರು ಕಿರಣ ಎಂದು ಆಮೇಲೆ ತಿಳಿಯಿತು.

"ಮಾಸ್ಕ್ ಸ್ವಲ್ಪ ಕೆಳಗಿಳಿಸಿ ಅಕ್ಕಾ, ಮುಖ ಕಾಣಲ್ಲ" ಎಂದ.

ಇಳಿಸಿದೆ. ಯಾಕೆ ಇಳಿಸಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮನೆಯಲ್ಲಿ ಅಕ್ಕಿ ಇರಲಿಲ್ಲ, ಅದಕ್ಕೆ ಇಳಿಸಿದೆ. ತಲೆ ಬಾಚಿರಲಿಲ್ಲ, ತುಟಿ ಒಡೆದಿತ್ತು. ಊರಿನ ಹೆಂಗಸರನ್ನೆಲ್ಲ ಚಂದ ಮಾಡುವವಳು ಭಿಕ್ಷೆಯವಳ ಹಾಗೆ ನಿಂತಿದ್ದೆ. ಫೋಟೋ ಆದಮೇಲೆ ಚೀಲವನ್ನು ಒಳಕ್ಕೆ ಎಳೆದುಕೊಳ್ಳಲು ಹೋದರೆ ಕಿರಣ ಬಂದು ಆ ಕಡೆಯಿಂದ ಹಿಡಿದ.

"ಇದು ಫೋಟೋ ಪೀಸ್ ಅಕ್ಕಾ. ನಿಮ್ದು ಹಿಂದೆ ಗಾಡೀಲಿ ಬರ್ತಾ ಇದೆ."

ಚೀಲ ಬೈಕಿನ ಮೇಲೆ ಹತ್ತಿ ಮುಂದಿನ ಬೀದಿಗೆ ಹೋಯಿತು. ಅಲ್ಲೂ ಒಂದು ಸೋಂಕಿನ ಮನೆ ಇತ್ತು. ಬಸವರಾಜ ಕಿಟಕಿಯಿಂದ ನೋಡುತ್ತಿದ್ದರು. "ಅಲ್ಲ, ಕೊಟ್ಟದ್ದು ಕಸಗೊಂಡು ಹ್ವಾದ್ರಲ್ಲ?" ಎಂದರು. "ಹಿಂದ ಗಾಡಿ ಬರತೈತಂತ್ರಿ" ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಶಾಲೆಯಲ್ಲಿ ಗಾದೆಯಾಗಿ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತು.

ಗಾಡಿ ಬರಲಿಲ್ಲ. ಕಿಟ್ ವಿಚಾರಿಸಲು ಹಾಕಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. "ನಿಮ್ಮ ಮನೆಗೆ ತಲುಪಿದೆ ಅಂತ ಬಂದಿದೆ ಮೇಡಂ. ನೀವು ತಗೋತಾ ಇರೋ ಫೋಟೋನೇ ಇದೆಯಲ್ಲ." ನಿಜ, ಫೋಟೋದಲ್ಲಿ ಇರುವುದು ನಾನೇ, ಚೀಲವೂ ಇದೆ, ನನ್ನ ಕೈಯೂ ಅದರ ಮೇಲಿದೆ.

ಅದಾದ ಮೇಲೆ ನನ್ನ ಉಸಿರು ಕೆಟ್ಟಿತು. ಬೆರಳಿಗೆ ಸಿಕ್ಕಿಸುವ ಮಷೀನಿನಲ್ಲಿ ಅಂಕಿ ಇಳಿಯುತ್ತಾ ಹೋಯಿತು. ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ಹೆಬ್ಬಾಳದ ಫ್ಲೈಓವರ್ ಖಾಲಿ ಬಿದ್ದಿತ್ತು, ಈ ಊರಿಗೆ ಬಂದ ಮೇಲೆ ಅದನ್ನು ಹಾಗೆ ನೋಡಿರಲಿಲ್ಲ, ನೋಡಬಾರದಿತ್ತು ಅನಿಸಿತು. ಆಸ್ಪತ್ರೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬೆಡ್ ಸಿಗುವವರೆಗೆ ಅಲ್ಲೇ ಕೂರಬೇಕು.  ಒಂದು ಕುರ್ಚಿ ಖಾಲಿಯಾದರೆ ಒಳಗೆ ಹೋದರೋ ಇನ್ನೆಲ್ಲಿಗೆ ಹೋದರೋ ಎಂದು ಎಲ್ಲರೂ ಅತ್ತ ನೋಡುತ್ತಿದ್ದರು. ಬಸವರಾಜ ತಾವೂ ಜ್ವರದಲ್ಲೇ ನನ್ನ ಬೆನ್ನು ತಿಕ್ಕುತ್ತಿದ್ದರು. ನನಗೆ ಸಾಯುವ ಭಯವಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಪಲ್ಲವಿಗೆ ಜಡೆ ಹಾಕುವವರು ಯಾರು ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಇತ್ತು: ನಾನು ಇಲ್ಲಿ ಸತ್ತರೆ ಕಿಟ್ ತಗೊಂಡವಳಾಗಿ ಸಾಯುತ್ತೇನೆ.

ಬೆಡ್ ಸಿಕ್ಕಿತು, ಮೂಗಿಗೆ ಆಕ್ಸಿಜನ್ ಹಾಕಿದರು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ಸಿಸ್ಟರುಗಳಲ್ಲಿ ಒಬ್ಬಳನ್ನು ಹುಬ್ಬಿನಿಂದಲೇ ಗುರುತಿಟ್ಟುಕೊಂಡೆ. ದಟ್ಟ ಹುಬ್ಬು, ಬಲಗಡೆಯದು ಸ್ವಲ್ಪ ಮೇಲೆ. ಲಾಕ್‌ಡೌನಿನಲ್ಲಿ ಎರಡೂ ಬೆಳೆದು ನಡುವೆ ಕೂಡಿಕೊಂಡಿದ್ದವು. ಮಾತು ಬರುವಷ್ಟು ಉಸಿರು ತಿರುಗಿದ ದಿನ ಅವಳಿಗೆ ಹೇಳಿದೆ: "ಸಿಸ್ಟರ್, ಬದುಕಿದ್ರೆ ನಿಮ್ಮ ಐಬ್ರೋ ನಾನೇ ಮಾಡ್ತೀನಿ."

"ಬದುಕ್ತೀರ ಕಣ್ರೀ" ಎಂದಳು. "ನನ್ ಐಬ್ರೋ ಬಗ್ಗೆ ಮಾತಾಡೋಷ್ಟು ಶಕ್ತಿ ಇದೆ ಅಂದ್ರೆ ನಿಮಗೇನೂ ಆಗಲ್ಲ." ಅವತ್ತು ರಾತ್ರಿ ಹೊಟ್ಟೆಯ ಮೇಲೆ ಮಗುಚಿ ಮಲಗಿಸುವಾಗ ಅವಳೇ ಬಂದು ದಿಂಬು ಸರಿಮಾಡಿ ಹೋದಳು.

ಆ ವಾರ್ಡಿನಲ್ಲೇ ನನ್ನ ತಾಯಿಯ ಫೋನ್ ಬಂತು. ಅಳುತ್ತಿದ್ದಳು. ನಮ್ಮ ಊರಿನವನೊಬ್ಬ ಹೆಬ್ಬಾಳದಲ್ಲಿ ಕೆಲಸಕ್ಕಿದ್ದ, ಕೊಡಿಗೇಹಳ್ಳಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನೋಡಿ ಫೋಟೋ ತೆಗೆದು ಊರಿಗೆ ಕಳಿಸಿದ್ದ. "ಜೀವಂತ ಅದಿಯಲ್ಲವ್ವ?" ಎಂದು ಕೇಳಿದಳು. "ಹೆಣ್ಣಮಗಳ ಫೋಟೋ, ಬಾಜೂಕ ಬಿಳೆ ಅರಿವಿಯಂವ ಕೈ ಮುಗದು ನಿಂತಾನ. ನಮ್ಮ ಕಡೆ ಅದಕ್ಕ ಒಂದ ಅರ್ಥ. ನಾ ಎದಿ ಎದಿ ಬಡ್ಕೊಂಡ್ನಿ." ಅವಳಿಗೆ ಗಾಬರಿಯಾದೀತೆಂದು ನನ್ನ ಕಾಯಿಲೆಯನ್ನು ಮುಚ್ಚಿಟ್ಟಿದ್ದೆವು. ಅಣ್ಣ ಅದಕ್ಕೂ ಅವಕಾಶ ಕೊಡಲಿಲ್ಲ.

ಗುಣವಾಗಿ ಮನೆಗೆ ಬರುವಾಗ ಆಟೋ ನಿಲ್ಲಿಸಿ ನೋಡಿದೆ. "ಸೋಂಕಿತರ ಬಾಗಿಲಿಗೆ ಅಣ್ಣನ ಆಸರೆ." ಒಂದು ಕಡೆ ಅಣ್ಣ ಕೈ ಮುಗಿದು ನಗುತ್ತಿದ್ದ. ಇನ್ನೊಂದು ಕಡೆ ಒಡೆದ ತುಟಿ, ಕೆದರಿದ ತಲೆ, ಚೀಲಕ್ಕೆ ಚಾಚಿದ ಕೈ. ನಾನು.

ಪಾರ್ಲರ್ ತೆರೆಯಲು ಅನುಮತಿ ಬಂದ ದಿನ ಗಂಧದಕಡ್ಡಿ ಹಚ್ಚಿ ಬಾಗಿಲು ತೆರೆದೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಕೊರೊನಾ ಬಂದ ಮನೆಗಳು ಬೀದಿಗೆ ಹತ್ತು ಇದ್ದವು. ಆದರೆ ಅವರದ್ದು ಯಾರಿಗೂ ಖಾತ್ರಿಯಿರಲಿಲ್ಲ, ನನ್ನದು ಸರ್ಕಲ್ಲಿನಲ್ಲಿ ನೇತಾಡುತ್ತಿತ್ತು. ವರ್ಷಗಟ್ಟಲೆ ನನ್ನ ಕೈಯಲ್ಲಿ ಫೇಶಿಯಲ್ ಮಾಡಿಸಿಕೊಂಡವರು ರಸ್ತೆಯ ಆ ಬದಿ ದಾಟಿ ಹೋಗುತ್ತಿದ್ದರು. ಒಬ್ಬರು ಮೆಸೇಜ್ ಹಾಕಿದರು: "ತಪ್ಪು ತಿಳ್ಕೋಬೇಡಿ ಸವಿತಾ, ಮನೇಲಿ ಅತ್ತೆ ಇದಾರೆ." ತಪ್ಪು ತಿಳಿದುಕೊಂಡೆ. ನನ್ನ ಕಸುಬೇ ಮುಖಗಳದ್ದು, ನನ್ನ ಮುಖವನ್ನೇ ಅವನು ಕೆಡಿಸಿಟ್ಟಿದ್ದ. ಅದನ್ನು ವಾಪಸ್ ತಗೊಳ್ಳದೆ ಬಿಡುವುದಿಲ್ಲ ಎಂದು ಅವತ್ತು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ.

ಮೊದಲು ಮರ್ಯಾದೆಯಿಂದಲೇ ಕೇಳಿದೆ. ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಿದ್ದ ಕಿರಣನ ಬಳಿ ಹೋಗಿ ಫ್ಲೆಕ್ಸ್ ಬಿಚ್ಚಿ ಎಂದೆ.

"ಅಣ್ಣನ ಫೋಟೋ ಇದೆಯಲ್ಲ ಅಕ್ಕಾ, ಹೆಂಗ್ ಬಿಚ್ಚೋದು? ಬೇರೆ ಪಾರ್ಟಿಯವ್ರು ಕೈ ಹಾಕಿದ್ರೇ ಗಲಾಟೆ ಆಗುತ್ತೆ, ಇನ್ನು ನಾವೇ ಬಿಚ್ಚಿದ್ರೆ ಏಟ್ ಬೀಳುತ್ತೆ. ಅಣ್ಣನ ಮುಖ ಇದ್ರೆ ಅದು ಮುಗೀತು. ಹೊಸದು ಬಂದ್ರೆ ಅದರ ಮೇಲೇ ಕಟ್ಟೋದು."

ಆಮೇಲೆ ಅಣ್ಣನ ಆಫೀಸಿಗೇ ಹೋದೆ. ಹೊರಗಿನ ಬೆಂಚಿನ ಮೇಲೆ ಆಸ್ಪತ್ರೆಗಿಂತ ಹೆಚ್ಚು ಹೊತ್ತು ಕಾಯಿಸಿದರು. ಒಳಗೆ ಅಣ್ಣ ಫೋನ್ ನೋಡುತ್ತಲೇ ಮಾತಾಡಿದ.

"ಏನಮ್ಮಾ, ಕಿಟ್ ಬಂತಲ್ಲ?"

"ಬರ್ಲಿಲ್ಲ ಸರ್. ಫೋಟೋ ತೆಗೆದು ವಾಪಸ್ ತಗೊಂಡ್ ಹೋದ್ರು."

"ಫೋಟೋ ಇದೆಯಲ್ಲಮ್ಮಾ. ಕೊಡ್ದೇ ಫೋಟೋ ಹೆಂಗ್ ಬರುತ್ತೆ?" ಆಮೇಲೆ ಪಕ್ಕದವನ ಕಡೆ ತಿರುಗಿ, "ನೋಡೋ, ಇವ್ರಿಗೆಲ್ಲ ಎಷ್ಟು ಮಾಡಿದ್ರೂ ಅಷ್ಟೇ" ಎಂದು ನಕ್ಕ. ಪಕ್ಕದವನೂ ನಕ್ಕ.

ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಉಸಿರು ಕಟ್ಟಿ ಕೂರಬೇಕಾಯಿತು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಅಣ್ಣ ಎಂದಾದರೊಂದು ದಿನ ಸರ್ಕಲ್ಲಿಗೆ ಬರಲೇಬೇಕಲ್ಲ ಎಂದುಕೊಂಡೆ.

ಪಾರ್ಲರಿಗೆ ಮೊದಲು ಬಂದವಳು ಆಸ್ಪತ್ರೆಯ ಆ ಸಿಸ್ಟರ್, ಅಲ್ಲಿಂದ ಹೊರಡುವಾಗ ಅವಳಿಗೆ ವಿಳಾಸ ಕೊಟ್ಟಿದ್ದೆ. ಯಲಹಂಕದಿಂದ ಬಸ್ಸು ಹತ್ತಿ ಹುಬ್ಬು ಮಾಡಿಸಿಕೊಳ್ಳಲು ಬಂದಳು. ಬಾಗಿಲು ಪೂರ್ತಿ ತೆರೆದು, ರಸ್ತೆಗೆ ಕಾಣುವ ಹಾಗೆ ಅವಳನ್ನು ಕೂರಿಸಿದೆ. ಯೂನಿಫಾರ್ಮಿನ ನರ್ಸ್ ಒಬ್ಬಳು ನನ್ನ ಕೈಗೆ ಮುಖ ಕೊಟ್ಟಿದ್ದನ್ನು ಬೀದಿ ನೋಡಿತು. ಅಲ್ಲಿಂದ ಒಬ್ಬೊಬ್ಬರೇ ಬಂದರು. ಎಲ್ಲರೂ ಬರಲಿಲ್ಲ. ನನ್ನ ಉಸಿರೂ ಪೂರ್ತಿ ಬರಲಿಲ್ಲ, ಇವತ್ತಿಗೂ ಪರ್ಸಿನಲ್ಲಿ ಇನ್‌ಹೇಲರ್ ಇರುತ್ತದೆ. ಮದುಮಗಳ ಮೇಕಪ್ ಮುಗಿಸುವಷ್ಟರಲ್ಲಿ ಒಂದೆರಡು ಸಲ ಕೂರುತ್ತೇನೆ. ಅದರ ಜೊತೆ ಬಾಳುವುದು ಅಭ್ಯಾಸವಾಗಿದೆ. ಫ್ಲೆಕ್ಸಿನ ಜೊತೆ ಬಾಳುವುದು ಅಭ್ಯಾಸವಾಗಲಿಲ್ಲ. ಬಿಸಿಲಿಗೆ ಬಣ್ಣ ಹಾರಿ, ಮೇಲೆ ಇನ್ನೊಂದು ಬಂದು ಅದು ಕಾಣದಾದ ಮೇಲೂ ಆ ಕಂಬದ ಹತ್ತಿರ ಬಂದರೆ ನನ್ನ ತಲೆ ತಾನೇ ತಗ್ಗುತ್ತಿತ್ತು.

ವರ್ಷಗಳು ಕಳೆದು, ಮೊನ್ನೆ ಅಣ್ಣನ ಹುಟ್ಟುಹಬ್ಬ ಬಂತು. ಚುನಾವಣೆಯ ಮಾತು ಮತ್ತೆ ಎಲ್ಲರ ಬಾಯಲ್ಲಿ ಕೇಳುತ್ತಿರುವ ಕಾಲ. ಸರ್ಕಲ್ಲಿನ ತುಂಬ ಫ್ಲೆಕ್ಸ್. ಈ ಫ್ಲೆಕ್ಸುಗಳ ಪದ್ಧತಿ ಎಲ್ಲರಿಗೂ ಗೊತ್ತು: ಮೇಲೆ ನಾಯಕನ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಮುಖ. ಯಾರು ಬೇಕಾದರೂ ಹಾಕಿಸಬಹುದು. ನೋಡುವವರು ದೊಡ್ಡ ಮುಖ ನೋಡುತ್ತಾರೆ, ಕೋರುವವರು ತಮ್ಮ ಮುಖ ಹುಡುಕುತ್ತಾರೆ. ನಡುವಿನ ಅಕ್ಷರ ಯಾರೂ ಓದುವುದಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಆರ್.ಟಿ. ನಗರದ ಒಂದು ಅಂಗಡಿಗೆ ಹೋಗಿ ಪ್ರಿಂಟ್ ಹಾಕಿಸಿದೆ. ಹಳೆಯ ಫ್ಲೆಕ್ಸಿನ ಫೋಟೋ ನನ್ನ ಫೋನಿನಲ್ಲಿತ್ತು. ಮೇಲೆ ಅಣ್ಣನ ಮುಖ ಎಲ್ಲರ ಫ್ಲೆಕ್ಸಿಗಿಂತ ದೊಡ್ಡದಾಗಿ, ತಲೆಯ ಸುತ್ತ ಬೆಳಕು. "ಜನಸೇವಕ ಅಣ್ಣನಿಗೆ ಹುಟ್ಟುಹಬ್ಬದ ಶುಭಾಶಯಗಳು." ಅದರ ಕೆಳಗೆ ಅದೇ ಚೀಲದ ಚಿತ್ರ. ಅದರ ಕೆಳಗೆ ಹೀಗೆ: "ನಾನು ಜ್ವರದಲ್ಲಿದ್ದಾಗ ಸರ್ಕಾರ ಕಳಿಸಿದ ಕಿಟ್ಟನ್ನು ಬಾಗಿಲಿಗೆ ತಂದು, ನನ್ನ ಕೈಗೆ ಕೊಟ್ಟು, ಫೋಟೋ ತೆಗೆಸಿ, ಕೂಡಲೇ ವಾಪಸ್ ತೆಗೆದುಕೊಂಡು ಹೋದ ಅಣ್ಣನಿಗೆ ಕೃತಜ್ಞತೆಗಳು. ಹಿಂದಿನ ಗಾಡಿಯನ್ನು ಇನ್ನೂ ಕಾಯುತ್ತಿದ್ದೇನೆ. ಶುಭ ಕೋರುವವರು: ಸವಿತಾ, ಪಲ್ಲವಿ ಬ್ಯೂಟಿ ಪಾರ್ಲರ್."

ಬಸವರಾಜ ಅದನ್ನು ನೆಲದ ಮೇಲೆ ಹಾಸಿ ಓದಿದರು. "ಸುಮ್ಮನ ಹುತ್ತಿನಾಗ ಕೈ ಯಾಕ ಹಾಕ್ತಿ?"

"ಆಗ ಕಿಟಕ್ಯಾಗ ನಿಂತು ನೋಡಿದ್ರಲ್ರೀ. ಮರೆತ್ರೇನು?"

ಅವರು ಫ್ಲೆಕ್ಸ್ ಸುರುಳಿ ಸುತ್ತಿ, ತಾವೇ ಹೆಗಲ ಮೇಲೆ ಹೊತ್ತು ಸರ್ಕಲ್ಲಿಗೆ ಬಂದರು.

ಕಟ್ಟಿದ್ದು ಕಿರಣನೇ. ಬಿಚ್ಚಿ ನೋಡಿದ, ಅಣ್ಣನ ಮುಖದ ಅಳತೆ ಕಂಡು ಖುಷಿಯಾದ. "ಸೂಪರ್ ಅಕ್ಕಾ, ಇದು ಮೇನ್ ಜಾಗಕ್ಕೇ ಹೋಗ್ಲಿ" ಎಂದು ಅದೇ ಕಂಬಕ್ಕೆ, ಎಲ್ಲದರ ಮೇಲೆ ಕಟ್ಟಿಸಿದ. ಹುಡುಗರು ಏಣಿ ಹತ್ತಿ ಸೇಬಿನ ಹಾರವನ್ನೂ ಅದಕ್ಕೇ ಹಾಕಿದರು. ಅಣ್ಣ ಬಂದ, ಪಟಾಕಿ ಹೊಡೆದರು. ಅದರ ಕೆಳಗೇ ಟೇಬಲ್ ಇಟ್ಟು ಕೇಕ್ ಕತ್ತರಿಸಿದರು. ಕಿರಣ ಫ್ಲೆಕ್ಸ್ ಪೂರ್ತಿ ಬರುವ ಹಾಗೆ ಫೋಟೋ ತೆಗೆದು ಏರಿಯಾದ ಗ್ರೂಪಿಗೆಲ್ಲ ಹಾಕಿದ. ನಾನು ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

ಮೊದಲು ಓದಿದವರು ಗೌರಮ್ಮ. ಕನ್ನಡಕ ಸರಿಮಾಡಿಕೊಂಡು, ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ, ಒಂದೊಂದೇ ಪದ ಓದುತ್ತಾ ಹೋದರು. ಓದುತ್ತಿದ್ದ ಹಾಗೆ ಸುತ್ತ ನಿಂತವರೂ ತಲೆಯೆತ್ತಿ ಓದತೊಡಗಿದರು. ಅವರು ಮುಗಿಸಿದ ಮೇಲೆ ಹಿಂದಿನ ಬೀದಿಯ ಹೂವಿನ ಹೆಂಗಸು ಕೇಳಿದಳು: "ನಮ್ಮನೇದೂ ಹಿಂದೆ ಗಾಡೀಲಿ ಬರುತ್ತೆ ಅಂದಿದ್ರಲ್ಲ ಅಣ್ಣಾ?" ಯಾರೋ ಕಿಸಕ್ಕೆಂದರು. ಆಮೇಲೆ ನಗು ಹಬ್ಬಿತು. ಅಣ್ಣ ಕೇಕಿನ ಚಾಕು ಕೈಯಲ್ಲಿ ಹಿಡಿದೇ ತಿರುಗಿ, ಮೊದಲ ಸಲ ಅಕ್ಷರ ಓದಿದ. ನಾನು ಅವನ ಹುಬ್ಬನ್ನೇ ನೋಡುತ್ತಿದ್ದೆ. ಎರಡೂ ಮೇಲೆ ಹೋಗಿ ಅಲ್ಲೇ ನಿಂತವು.

"ಬಿಚ್ರೋ ಅದನ್ನ" ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಜನರ ಮುಂದೆ, ಹುಟ್ಟುಹಬ್ಬದ ದಿನ, ಹಾರ ಹಾಕಿದ ಅಣ್ಣನ ಮುಖವನ್ನು ಯಾರು ಕಿತ್ತಾರು? ಕಿರಣ ತಲೆ ಕೆರೆದುಕೊಂಡು, "ಅಣ್ಣಾ, ನಿಮ್ಮ ಫೋಟೋ ಇದೆ" ಎಂದ. ಆ ಹುಡುಗನನ್ನು ನಾನು ಅರ್ಧ ಕ್ಷಮಿಸಿದ್ದು ಆಗಲೇ.

ರಾತ್ರಿಯೊಳಗೆ ಫ್ಲೆಕ್ಸ್ ಮಾಯವಾಯಿತು. ಗ್ರೂಪಿಗೆ ಹೋದ ಫೋಟೋ ಮಾಯವಾಗಲಿಲ್ಲ. ಬೇರೆ ಬೀದಿಗಳವರೂ ತಮ್ಮ ಹಳೆಯ ಫೋಟೋಗಳನ್ನು ಅದರ ಕೆಳಗೆ ಹಾಕತೊಡಗಿದರು. ಎಲ್ಲದರಲ್ಲೂ ಅದೇ ಚೀಲ. ಸ್ಟಿಕ್ಕರಿನ ಒಂದು ಮೂಲೆ ಎಲ್ಲ ಫೋಟೋದಲ್ಲೂ ಒಂದೇ ಥರ ಕಿತ್ತುಬಂದಿತ್ತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಪಾರ್ಲರ್ ಖಾಲಿ ಇದ್ದಾಗ, ಮಾಸ್ಕ್ ಹಾಕಿಕೊಂಡ ಗಂಡಸೊಬ್ಬ ಬಾಗಿಲಲ್ಲಿ ನಿಂತ. ಈಗ ಯಾರು ಮಾಸ್ಕ್ ಹಾಕುತ್ತಾರೆ? ಹುಬ್ಬು ನೋಡಿದೆ, ಅಣ್ಣನೆಂದು ತಿಳಿಯಲು ಅಷ್ಟೇ ಸಾಕಾಯಿತು. ಕೈಯಲ್ಲಿ ದೊಡ್ಡ ಚೀಲವಿತ್ತು. ಹಿಂದೆ ಹುಡುಗರಿರಲಿಲ್ಲ.

"ತಗೊಳ್ಳಮ್ಮಾ" ಎಂದ. "ಅಕ್ಕಿ, ಬೇಳೆ, ಎಲ್ಲಾ ಇದೆ. ಆಗ ಏನೋ ಹುಡುಗರು ಹೆಚ್ಚುಕಮ್ಮಿ ಮಾಡಿದ್ರು. ಇದನ್ನ ಇಲ್ಲಿಗೇ ಬಿಟ್ಬಿಡೋಣ."

ಎದ್ದು ಹೋಗಿ ಚೀಲದ ಒಂದು ಕಿವಿ ಹಿಡಿದೆ. ಇನ್ನೊಂದು ಕಿವಿ ಅವನ ಕೈಯಲ್ಲಿತ್ತು. ಕಾಲೇಜಿನಿಂದ ಬಂದ ಪಲ್ಲವಿ ಒಳಗಿದ್ದಳು, ಕರೆದೆ. ನನ್ನ ಫೋನ್ ಅವಳ ಕೈಗೆ ಕೊಟ್ಟು ಅಣ್ಣನ ಕಡೆ ತಿರುಗಿದೆ.

"ಮಾಸ್ಕ್ ಸ್ವಲ್ಪ ಕೆಳಗಿಳಿಸಿ ಅಣ್ಣಾ, ಮುಖ ಕಾಣಲ್ಲ."

ಇಳಿಸಿದ. ಅವನಿಗೂ ಬೇಕಾದದ್ದು ಒಂದಿತ್ತು, ಅದಕ್ಕೆ ಇಳಿಸಿದ. ನಾನು ಅವತ್ತು ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ನೆಟ್ಟಗೆ ನಿಂತಿದ್ದೆ. ಪಲ್ಲವಿ ಫೋಟೋ ತೆಗೆದಳು. ಆಮೇಲೆ ಚೀಲದ ನನ್ನ ಕಡೆಯ ಕಿವಿಯನ್ನೂ ಅವನ ಕೈಗೇ ಕೊಟ್ಟೆ.

"ಇದು ಫೋಟೋ ಪೀಸ್ ಅಣ್ಣಾ. ವಾಪಸ್ ತಗೊಂಡ್ ಹೋಗಿ."